ಫಿಟ್ಸ್ ಮಾತ್ರೆ, ತಪ್ಪುವ ಮುಟ್ಟು, ಹತ್ತಿರ ಬಂದ ಮದುವೆ

ಪ್ರಶ್ನೆ: ನನಗೆ 25 ವರ್ಷ. ಹಾವೇರಿ ಜಿಲ್ಲೆಯವಳು. 15ನೇ ವಯಸ್ಸಿನಲ್ಲಿ ಫಿಟ್ಸ್ ಶುರುವಾಯಿತು. ಅದಕ್ಕೂ ಮೊದಲು ಬೆಳಗ್ಗೆ ಎದ್ದಾಗ ಕೈ ಝಲ್ಲೆಂದು ಹಾರಿ ಚಹಾ ಲೋಟ ಬಿದ್ದುಹೋಗುತ್ತಿತ್ತು. ಡಾಕ್ಟರು ಇದನ್ನು ಜೆಎಂಇ (ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಫಿಟ್ಸ್) ಎಂದರು. ಹತ್ತು ವರ್ಷದಿಂದ ಸೋಡಿಯಂ ವಾಲ್‌ಪ್ರೊಯೇಟ್ 500 ಮಿ.ಗ್ರಾಂ ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಿದ್ದೇನೆ. ನಾಲ್ಕು ವರ್ಷದಿಂದ ದೊಡ್ಡ ಫಿಟ್ಸ್ ಬಂದಿಲ್ಲ. ಆದರೆ ತೂಕ 12 ಕೆಜಿ ಏರಿದೆ, ಗದ್ದದ ಮೇಲೆ ಕೂದಲು ಬರುತ್ತಿದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ. ಮುಟ್ಟಿಗೆ ಒಂದೆರಡು ದಿನ ಮೊದಲು ಕೈ ಮತ್ತೆ ಹಾರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳು) ಎಂದರು. ಏಳು ತಿಂಗಳಲ್ಲಿ ಮದುವೆ. ಹುಡುಗನಿಗೆ ವಿಷಯ ಹೇಳಿಲ್ಲ. ಮದುವೆಯಾದ ಮೇಲೆ ಮಾತ್ರೆ ಬಿಟ್ಟುಬಿಡು ಎನ್ನುತ್ತಾರೆ ಅಮ್ಮ. ನನಗೆ ಮಕ್ಕಳಾಗುತ್ತವೆಯೇ? ಇನ್ನೊಂದು, ಗದ್ದದ ಕೂದಲನ್ನು ದಾರದಲ್ಲಿ ತೆಗೆಸಿದರೆ ಜಾಸ್ತಿ ಆಗುತ್ತದೆಯೇ?

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಓದಿ ಮುಗಿಸುವ ಮೊದಲೇ ಮಾತ್ರೆ ನಿಲ್ಲಿಸಬೇಡಿ. ಓದಿ ಮುಗಿಸಿದ ಮೇಲೂ ನೀವಾಗಿಯೇ ನಿಲ್ಲಿಸಬೇಡಿ. ಮುಂದೆ ವಾಲ್‌ಪ್ರೊಯೇಟ್ ಬಗ್ಗೆ ಹೆದರಿಕೆ ಹುಟ್ಟಿಸುವ ವಿಷಯಗಳನ್ನೇ ಬರೆಯಲಿದ್ದೇನೆ. ಅದಕ್ಕೇ ಈ ಎಚ್ಚರಿಕೆ.

ನಿಮ್ಮ ಪತ್ರ ಓದಿದಾಗ ನನಗೆ ಹೊಸದೆನಿಸಿದ್ದು ಏನೂ ಇಲ್ಲ. ನರರೋಗ ತಜ್ಞರು "ಫಿಟ್ಸ್ ಬಂತಾ?" ಎಂದು ಕೇಳುತ್ತಾರೆ, ಇಲ್ಲ ಎಂದರೆ ಅದೇ ಚೀಟಿಯನ್ನು ಮತ್ತೆ ಬರೆದುಕೊಡುತ್ತಾರೆ. ಮುಟ್ಟಿನ ವಿಷಯ ಅವರು ಕೇಳುವುದಿಲ್ಲ, ಹುಡುಗಿ ಹೇಳುವುದಿಲ್ಲ. ಇತ್ತ ಹೆರಿಗೆ ಡಾಕ್ಟರು ಸ್ಕ್ಯಾನಿಂಗ್ ನೋಡಿ ಪಿಸಿಓಡಿ ಎನ್ನುತ್ತಾರೆ. ಬೇರೆ ಯಾವ ಮಾತ್ರೆ ನುಂಗುತ್ತೀಯಮ್ಮ ಎಂದು ಕೇಳುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ. ಜೊತೆಗೆ ಬಂದ ಅಮ್ಮನಿಗೆ ಫಿಟ್ಸ್ ಎಂಬ ಪದವೇ ಆ ಕೋಣೆಯಲ್ಲಿ ಬರುವುದು ಬೇಡ. ಹೀಗೆ ಇಬ್ಬರು ಡಾಕ್ಟರ ನಡುವೆ ವಿಷಯ ಬಿದ್ದುಹೋಗುತ್ತದೆ. ನಾನೂ ಅದೇ ಮೊದಲ ಗುಂಪಿನವನು, ವರ್ಷಗಟ್ಟಲೆ ಕೇಳದೇ ಇದ್ದವನು. ಆದ್ದರಿಂದ ದೂರು ಹೇಳುತ್ತಿಲ್ಲ. ಆ ಎರಡು ಕೋಣೆಗಳ ನಡುವೆ ಕಾಗದ ಹೊತ್ತು ಓಡಾಡುವ ಕೆಲಸ ಸದ್ಯಕ್ಕೆ ನಿಮ್ಮದೇ ಎಂದಷ್ಟೇ ಹೇಳುತ್ತಿದ್ದೇನೆ.

ಮುಟ್ಟು ಏರುಪೇರಾಗಿದ್ದು ಫಿಟ್ಸ್‌ನಿಂದಲೋ ಮಾತ್ರೆಯಿಂದಲೋ? ಎರಡೂ ಕಾರಣ ಇರಬಹುದು. ಅಂಡಾಶಯಕ್ಕೆ ಅಪ್ಪಣೆ ಹೋಗುವುದು ಮಿದುಳಿನ ಬುಡದಿಂದ. ಮಿದುಳಿನಲ್ಲಿ ಫಿಟ್ಸ್‌ನ ಗಲಾಟೆ ಇದ್ದರೆ ಆ ಅಪ್ಪಣೆಯ ತಾಳ ತಪ್ಪಬಹುದು. ಆದರೆ ನಿಮ್ಮ ವಿಷಯದಲ್ಲಿ ನನಗೆ ಮಾತ್ರೆಯ ಮೇಲೇ ಅನುಮಾನ ಜಾಸ್ತಿ. ತೂಕ, ಗದ್ದದ ಕೂದಲು, ತಡವಾಗುವ ಮುಟ್ಟು: ಈ ಮೂರೂ ಒಟ್ಟಿಗೆ ಬಂದಿವೆ, ವಾಲ್‌ಪ್ರೊಯೇಟ್ ಹದಿಹರೆಯದಲ್ಲೇ ಶುರುವಾಗಿದೆ. ಫಿನ್‌ಲೆಂಡಿನ ವೈದ್ಯರು 1993ರಲ್ಲಿ ಮೊದಲು ಇದನ್ನು ಎತ್ತಿ ತೋರಿಸಿದರು. ವಾಲ್‌ಪ್ರೊಯೇಟ್ ಒಂದನ್ನೇ ತೆಗೆದುಕೊಳ್ಳುತ್ತಿದ್ದ ಹೆಂಗಸರಲ್ಲಿ 45% ಮಂದಿಗೆ ಮುಟ್ಟಿನ ತೊಂದರೆ ಇತ್ತು, 43% ಮಂದಿಯ ಅಂಡಾಶಯದಲ್ಲಿ ನೀರುಗುಳ್ಳೆಗಳಿದ್ದವು. 20 ವರ್ಷಕ್ಕೆ ಮೊದಲೇ ಮಾತ್ರೆ ಶುರು ಮಾಡಿದವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವರು ನೋಡಿದ ಹೆಂಗಸರ ಸಂಖ್ಯೆ ದೊಡ್ಡದಲ್ಲ, ಹಾಗಾಗಿ ಈ ಶೇಕಡಾವಾರು ಎಲ್ಲರಿಗೂ ಹಾಗೇ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಆದರೆ ನಂತರ ಬೇರೆ ದೇಶಗಳಲ್ಲೂ ಇದೇ ದಿಕ್ಕಿನ ಫಲ ಸಿಕ್ಕಿದೆ.

ಇದು ಹೇಗೆ ಆಗುತ್ತದೆ ಎಂದರೆ, ವಾಲ್‌ಪ್ರೊಯೇಟ್ ಹಸಿವು ಹೆಚ್ಚಿಸುತ್ತದೆ, ತೂಕ ಏರುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದರೆ ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಸಾಲದ್ದಕ್ಕೆ, ಈ ಔಷಧ ಅಂಡಾಶಯದ ಮೇಲೆ ನೇರವಾಗಿಯೂ ಕೆಲಸ ಮಾಡುತ್ತದೆ. ಗಂಡು ಹಾರ್ಮೋನ್ ಜಾಸ್ತಿಯಾದರೆ ಅಂಡಾಣು ಪೂರ್ತಿ ಬೆಳೆದು ಹೊರಬರುವುದಿಲ್ಲ, ಅಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ. ಮುಟ್ಟು ಮುಂದೆ ಹೋಗುತ್ತದೆ. ಸಮಾಧಾನದ ವಿಷಯವೂ ಇದೆ. ಅದೇ ಫಿನ್‌ಲೆಂಡಿನವರು ಕೆಲವರಿಗೆ ವಾಲ್‌ಪ್ರೊಯೇಟ್ ಬದಲು ಲಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಔಷಧ ಕೊಟ್ಟು ಒಂದು ವರ್ಷ ನೋಡಿದರು. ತೂಕ, ಇನ್ಸುಲಿನ್, ಗಂಡು ಹಾರ್ಮೋನ್ ಮೂರೂ ಇಳಿದವು. ಅಂದರೆ ಇದು ಬಹುಪಾಲು ಹಿಂದಕ್ಕೆ ತಿರುಗುವ ದಾರಿ.

ಹಾಗಂತ ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಟೆಸ್ಟೋಸ್ಟಿರೋನ್ (ಗಂಡು ಹಾರ್ಮೋನ್), ಸಕ್ಕರೆ ಪರೀಕ್ಷೆ ಮಾಡಿಸಿ. ಫಿಟ್ಸ್ ಬಂದ ದಿನ ಪ್ರೊಲ್ಯಾಕ್ಟಿನ್‌ಗೆ ರಕ್ತ ಕೊಡಬೇಡಿ. ಫಿಟ್ಸ್ ಆದ ಸ್ವಲ್ಪ ಹೊತ್ತು ಅದು ತಾನಾಗಿಯೇ ಏರಿರುತ್ತದೆ, ಇಲ್ಲದ ರೋಗಕ್ಕೆ ಎಂಆರ್‌ಐ ಮಾಡಿಸಬೇಕಾಗುತ್ತದೆ.

ಇನ್ನು ಮಕ್ಕಳ ವಿಷಯ. ಆಗುತ್ತವೆ. ಅಮೆರಿಕದಲ್ಲಿ ಫಿಟ್ಸ್ ಇರುವ ಮತ್ತು ಇಲ್ಲದ ಹೆಂಗಸರನ್ನು ಒಟ್ಟಿಗೆ ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದರು. ಗರ್ಭ ನಿಂತವರ ಪ್ರಮಾಣ 60.7% ಮತ್ತು 60.2%. ವ್ಯತ್ಯಾಸವೇ ಇಲ್ಲ. ಆದರೆ ಅಲ್ಲಿ ಬಂಜೆತನದ ತೊಂದರೆ ಮೊದಲೇ ಗೊತ್ತಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ನಮ್ಮ ಪಕ್ಕದ ಕೇರಳದ ಲೆಕ್ಕ ಬೇರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು 1998ರಿಂದ ಫಿಟ್ಸ್ ಇರುವ ಗರ್ಭಿಣಿಯರ ದಾಖಲೆ ಇಡುತ್ತಿದ್ದಾರೆ. ಅವರು 2010ರಲ್ಲಿ ಪ್ರಕಟಿಸಿದ ಪ್ರಕಾರ ಮಗು ಬಯಸಿದ 375 ಹೆಂಗಸರಲ್ಲಿ 38% ಮಂದಿಗೆ ಗರ್ಭ ನಿಲ್ಲಲಿಲ್ಲ. ಒಂದೇ ಔಷಧ ತೆಗೆದುಕೊಳ್ಳುವವರಲ್ಲಿ ಇದು ಸುಮಾರು 32%, ಮೂರು ಅಥವಾ ಹೆಚ್ಚು ಔಷಧದವರಲ್ಲಿ 60%. ಎರಡು ಲೆಕ್ಕಗಳನ್ನೂ ಎದುರಿಗಿಟ್ಟುಕೊಂಡು ನಾನು ಹೇಳುವುದಿಷ್ಟು: ಫಿಟ್ಸ್ ಎಂಬ ಹಣೆಪಟ್ಟಿಯಿಂದ ಬಂಜೆತನ ಬರುವುದಿಲ್ಲ. ಅಂಡಾಣು ಸರಿಯಾಗಿ ಬರುತ್ತಿದೆಯೇ, ಎಷ್ಟು ಔಷಧ, ಯಾವ ಔಷಧ, ವಯಸ್ಸೆಷ್ಟು, ಇವೆಲ್ಲ ಸೇರಿ ನಿರ್ಧಾರವಾಗುತ್ತದೆ. ನಿಮಗೆ 25, ಔಷಧ ಒಂದೇ. ಒಳ್ಳೆಯ ಜಾಗದಲ್ಲೇ ಇದ್ದೀರಿ.

ನನ್ನ ಆತಂಕ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದಲ್ಲ. ಈಗಿರುವ ಮಾತ್ರೆಯ ಮೇಲೆ ನಿಂತುಬಿಟ್ಟರೆ ಏನು ಗತಿ ಎಂಬುದು.

ಯಾವ ಔಷಧವೂ ಇಲ್ಲದ ತಾಯಂದಿರಲ್ಲೂ 100ಕ್ಕೆ 2–3 ಮಕ್ಕಳಿಗೆ ಹುಟ್ಟಿನಿಂದ ದೊಡ್ಡ ಊನ ಇರುತ್ತದೆ. ಫಿಟ್ಸ್ ಔಷಧ ತೆಗೆದುಕೊಳ್ಳುವ ಗರ್ಭಿಣಿಯರದ್ದೇ, ಯೂರೋಪಿನಿಂದ ಶುರುವಾಗಿ ಹಲವು ದೇಶಗಳು ಸೇರಿಕೊಂಡ ಒಂದು ದಾಖಲೆ ಇದೆ, ಭಾರತವೂ ಅದರಲ್ಲಿದೆ. 2018ರ ಅದರ ಲೆಕ್ಕದಲ್ಲಿ ಲೆವೆಟಿರಸಿಟಾಮ್‌ಗೆ ಈ ಪ್ರಮಾಣ 2.8%, ಲಾಮೋಟ್ರಿಜಿನ್‌ಗೆ 2.9%, ಕಾರ್ಬಮಜೆಪಿನ್‌ಗೆ 5.5%, ಫೆನಿಟಾಯಿನ್‌ಗೆ 6.4%, ಫಿನೋಬಾರ್ಬಿಟಾಲ್‌ಗೆ 6.5%. ವಾಲ್‌ಪ್ರೊಯೇಟ್‌ಗೆ 10.3%. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ದಿನಕ್ಕೆ 650 ಮಿ.ಗ್ರಾಂ ಒಳಗಿದ್ದರೆ ಸುಮಾರು 6%, ನಿಮ್ಮ ಹಾಗೆ 1000 ಇದ್ದರೆ 11%, 1450 ದಾಟಿದರೆ 25%. ಬೆನ್ನುಹುರಿ ಮುಚ್ಚದಿರುವುದು, ಹೃದಯದಲ್ಲಿ ತೂತು, ಸೀಳು ಅಂಗುಳ, ಹೀಗೆ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸ್ಕ್ಯಾನಿಂಗ್‌ನಲ್ಲಿ ಕಾಣದೇ ಇರುವುದು. ವಾಲ್‌ಪ್ರೊಯೇಟ್ ಇದ್ದ ಗರ್ಭದಲ್ಲಿ ಬೆಳೆದ ಮಕ್ಕಳಲ್ಲಿ 30–40% ಮಂದಿಗೆ ಮಾತು ತಡ, ಕಲಿಕೆಯಲ್ಲಿ ಹಿಂದೆ, ಆಟಿಸಂ, ಇಂಥ ಯಾವುದಾದರೊಂದು ಬೆಳವಣಿಗೆಯ ತೊಂದರೆ ಕಾಣಬಹುದು. ಇದೇ ಕಾರಣಕ್ಕೆ ಬ್ರಿಟನ್ನಿನಲ್ಲಿ 2018ರಿಂದ, ಗರ್ಭ ನಿಲ್ಲದಂತೆ ಖಚಿತ ವ್ಯವಸ್ಥೆ ಇಲ್ಲದೆ, ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಈ ಮಾತ್ರೆ ಕೊಡುವಂತಿಲ್ಲ ಎಂಬ ನಿಯಮ ಬಂತು.

"ಗರ್ಭ ನಿಂತ ಕೂಡಲೇ ಮಾತ್ರೆ ಬದಲಾಯಿಸಿದರೆ ಆಯಿತಲ್ಲ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿ ಮುಗಿಯುತ್ತದೆ. ತಿಂಗಳಿಗೆ ಸರಿಯಾಗಿ ಮುಟ್ಟಾಗುವ ಹೆಂಗಸಿಗೇ ಅನುಮಾನ ಬರುವ ಹೊತ್ತಿಗೆ ಅದರಲ್ಲಿ ಅರ್ಧ ದಿನಗಳು ಕಳೆದಿರುತ್ತವೆ. ನಿಮಗೆ ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು. ಈ ಸಲವೂ ತಡವಾಗಿದೆ ಎಂದುಕೊಂಡು ಸುಮ್ಮನಿದ್ದರೆ ಗೊತ್ತಾಗುವಾಗ ಮಗುವಿನ ಹೃದಯ, ತುಟಿ, ಕೈಕಾಲು ಎಲ್ಲ ಆಗಿಹೋಗಿರುತ್ತದೆ. ಮಾತ್ರೆ ಕೊಟ್ಟ ತೊಂದರೆಯೇ ಮಾತ್ರೆಯ ಇನ್ನೊಂದು ತೊಂದರೆಯನ್ನು ಮರೆಮಾಚುತ್ತದೆ, ನೋಡಿ. ಹಾಗಾಗಿ ಬದಲಾವಣೆ ಆಗಬೇಕಾದ್ದು ಈಗ, ಈ ಏಳು ತಿಂಗಳಲ್ಲಿ.

ಹಾಗಾದರೆ ಏನು ಬದಲು? ಇಲ್ಲಿ ಸ್ವಲ್ಪ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಜೆಎಂಇಗೆ ವಾಲ್‌ಪ್ರೊಯೇಟ್‌ನಷ್ಟು ಚೆನ್ನಾಗಿ ಕೇಳುವ ಔಷಧ ಇನ್ನೊಂದಿಲ್ಲ. ನಿಮ್ಮ ಡಾಕ್ಟರು ಸುಮ್ನೆ ಬರೆದುಕೊಟ್ಟಿಲ್ಲ. ಹೆಚ್ಚಿನವರು ಬದಲಿಗೆ ಕೊಡುವುದು ಲೆವೆಟಿರಸಿಟಾಮ್. ಬ್ರಿಟನ್ನಿನಲ್ಲಿ ಎರಡನ್ನೂ ತಾಳೆ ನೋಡಿ 2021ರಲ್ಲಿ ಪ್ರಕಟಿಸಿದಾಗ ಫಿಟ್ಸ್ ತಡೆಯುವುದರಲ್ಲಿ ವಾಲ್‌ಪ್ರೊಯೇಟೇ ಮುಂದೆ ನಿಂತಿತು. ಆದರೂ ನಿಮ್ಮ ವಯಸ್ಸಿನವರಿಗೆ ನಾನು ಮೊದಲು ಯತ್ನಿಸುವುದು ಲೆವೆಟಿರಸಿಟಾಮ್. ಬಹಳ ಜನರಿಗೆ ಅದೇ ಸಾಕಾಗುತ್ತದೆ. ಅದರ ಒಂದು ಗುಣ ಮನೆಯವರಿಗೆಲ್ಲ ಗೊತ್ತಿರಬೇಕು: ಕೆಲವರಿಗೆ ಸಿಟ್ಟು, ಅಳು, ಮನಸ್ಸು ಕುಗ್ಗುವುದು ಜಾಸ್ತಿಯಾಗುತ್ತದೆ. ಹೊಸ ಸೊಸೆಗೆ ಮೂಗಿನ ಮೇಲೇ ಕೋಪ ಎಂದು ಮಾತಾಡಿಕೊಳ್ಳುವ ಮೊದಲು ಮಾತ್ರೆ ನೆನಪಾಗಬೇಕು. ಡಾಕ್ಟರಿಗೆ ಹೇಳಿದರೆ ದಾರಿ ಇದೆ. ಲಾಮೋಟ್ರಿಜಿನ್ ಇನ್ನೊಂದು ದಾರಿ. ಕೆಲವರಲ್ಲಿ ಅದು ಕೈ ಹಾರುವುದನ್ನು ಹೆಚ್ಚಿಸುತ್ತದೆ. ವಾಲ್‌ಪ್ರೊಯೇಟ್ ಜೊತೆಗಿದ್ದಾಗ ಅದರ ಮಟ್ಟ ರಕ್ತದಲ್ಲಿ ದುಪ್ಪಟ್ಟಾಗುವುದರಿಂದ ಬಹಳ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಮೈಮೇಲೆ ಕೆಟ್ಟ ಗುಳ್ಳೆ ಏಳಬಹುದು. ಕಾರ್ಬಮಜೆಪಿನ್, ಫೆನಿಟಾಯಿನ್ ನಿಮಗೆ ಬೇಡವೇ ಬೇಡ. ಬೇರೆ ಥರದ ಫಿಟ್ಸ್‌ಗೆ ಅವು ಒಳ್ಳೆಯವು, ಜೆಎಂಇಯನ್ನು ಕೆರಳಿಸುತ್ತವೆ.

ಬದಲಾವಣೆ ಎಂದರೆ ಇಂದು ಇದು ಬಿಟ್ಟು ನಾಳೆ ಅದು ಹಿಡಿಯುವುದಲ್ಲ. ಹೊಸದನ್ನು ಸೇರಿಸಿ, ಅದು ನೆಲೆಯೂರಿದ ಮೇಲೆ ಹಳೆಯದನ್ನು ವಾರಗಟ್ಟಲೆ ಇಳಿಸಿ, ಆಮೇಲೆ ಕೆಲವು ತಿಂಗಳು ಕಾದು ನೋಡುವುದು. ಆ ಸಮಯದಲ್ಲಿ ಸ್ಕೂಟಿ ಓಡಿಸಬೇಡಿ, ಬಾವಿಕಟ್ಟೆ, ಕೆರೆ, ಮಹಡಿಯ ಅಂಚು ಬೇಡ. ಹೊಸ ಔಷಧದಲ್ಲಿ ಫಿಟ್ಸ್ ನಿಲ್ಲದೇ ಹೋದರೆ? ಆಗ ವಾಲ್‌ಪ್ರೊಯೇಟನ್ನೇ ಆದಷ್ಟು ಕಡಿಮೆ ಡೋಸ್‌ನಲ್ಲಿ ಇಟ್ಟುಕೊಳ್ಳಬೇಕಾಗಬಹುದು. ಅದೂ ಒಂದು ತೀರ್ಮಾನವೇ. ಆದರೆ ಅಪಾಯ ಇಷ್ಟಿದೆ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿದ್ದು ಮಾಡುವ ತೀರ್ಮಾನ ಆಗಬೇಕು.

ಅಮ್ಮನ ಸಲಹೆಗೆ ಬರೋಣ. ಜೆಎಂಇ ಹೆಚ್ಚಿನವರಲ್ಲಿ ಮಾತ್ರೆ ಬಿಟ್ಟರೆ ವಾಪಸ್ ಬರುತ್ತದೆ, ನಾಲ್ಕು ವರ್ಷ ಸುಮ್ಮನಿದ್ದರೂ. ಇನ್ನು ನಮ್ಮ ಮದುವೆಗಳನ್ನು ನೋಡಿ. ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಗಿನ ಜಾವ ಎಬ್ಬಿಸಿ ಎಣ್ಣೆ ಸ್ನಾನ, ಮುಹೂರ್ತದವರೆಗೆ ಹೊಟ್ಟೆಗಿಲ್ಲ. ಜೆಎಂಇಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಪತ್ರಿಕೆ ಬೇಕಾ? ಮಾತ್ರೆ ಇದ್ದವರಿಗೇ ಮಂಟಪದಲ್ಲಿ ಕೈ ಹಾರುತ್ತದೆ. ಆ ಎರಡು ದಿನ ನಿಮಗೆ ಆರು ತಾಸು ನಿದ್ದೆ ಕೊಡಿಸುವ ಹೊಣೆಯನ್ನು ಅತ್ತಿಗೆಗೋ ಚಿಕ್ಕಮ್ಮನಿಗೋ ವಹಿಸಿ. ಮುಟ್ಟು ಮುಂದೂಡುವ ಮಾತ್ರೆ ತಂದುಕೊಡಲು ಯಾರಾದರೂ ಬಂದರೆ ಅದನ್ನೂ ಡಾಕ್ಟರಿಗೆ ಹೇಳಿಯೇ ನುಂಗಿ. ಕಾರ್ಬಮಜೆಪಿನ್, ಫೆನಿಟಾಯಿನ್ ಮೇಲಿರುವವರಲ್ಲಂತೂ ಅದು ಸರಿಯಾಗಿ ಕೆಲಸ ಮಾಡದೇ ಇರಬಹುದು.

ಹುಡುಗನಿಗೆ ಹೇಳಿ. ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲಿ ಫಿಟ್ಸ್ ಇರುವವರ ಮದುವೆಗೆ ಅಡ್ಡಿಯಾಗುವ ಮಾತಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕಾನೂನು ಬಿಡಿ, ನಾನು ಹೇಳುವ ಕಾರಣ ಬೇರೆ. ಮುಚ್ಚಿಟ್ಟವಳು ಮಾತ್ರೆಯನ್ನೂ ಮುಚ್ಚಿಡಬೇಕಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ, ಸೀರೆ ಮಡಿಕೆಯಲ್ಲಿ. ಮನೆ ತುಂಬ ಜನ ಇದ್ದ ದಿನ ನುಂಗಲು ಆಗುವುದಿಲ್ಲ. ಹಾಗೆ ತಪ್ಪಿದ ಎರಡು ಡೋಸ್ ಸಾಕು.

ಮುಟ್ಟಿನ ಹಿಂದೆ ಮುಂದೆ ಕೈ ಹಾರುವುದು ನಿಮ್ಮ ಭ್ರಮೆ ಅಲ್ಲ. ಹೆಣ್ಣು ಹಾರ್ಮೋನುಗಳಲ್ಲಿ ಈಸ್ಟ್ರೋಜನ್ ಮಿದುಳಿನ ಕೋಶಗಳನ್ನು ಕೆರಳಿಸುತ್ತದೆ, ಪ್ರೊಜೆಸ್ಟರಾನ್ ತಣಿಸುತ್ತದೆ. ಮುಟ್ಟಿಗೆ ಮೊದಲು ಪ್ರೊಜೆಸ್ಟರಾನ್ ಒಮ್ಮೆಲೇ ಇಳಿಯುತ್ತದೆ, ತಡೆ ಸಡಿಲವಾಗುತ್ತದೆ. ಫಿಟ್ಸ್ ಇರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಒಂದು ಗುರುತು, ಕೈ ಹಾರಿದ ದಿನಕ್ಕೆ ಇನ್ನೊಂದು, ಹೀಗೆ ಮೂರು ಮುಟ್ಟಿನ ತನಕ ಬರೆಯಿರಿ. ಹೊಂದಿಕೆ ಕಂಡರೆ ಆ ಕೆಲವು ದಿನಗಳಿಗೆ ಮಾತ್ರ ಕ್ಲೋಬಜಾಮ್ ಎಂಬ ಫಿಟ್ಸ್ ತಡೆಯುವ ಮಾತ್ರೆ ಕೊಡುವುದುಂಟು. ನಮ್ಮ ಕಡೆಯವರಿಗೆ ಈ ರೀತಿ ಹೊಸದಲ್ಲ. ಮೈಸೂರು, ಚಾಮರಾಜನಗರದ ಕಡೆ, ಹಂಡೆಯ ಬಿಸಿನೀರು ತಲೆಗೆ ಹಾಕಿಕೊಂಡಾಗ ಮಾತ್ರ ಫಿಟ್ಸ್ ಬರುವವರಿದ್ದಾರೆ. ಅವರಿಗೂ ತಲೆಸ್ನಾನಕ್ಕೆ ಒಂದೆರಡು ತಾಸು ಮೊದಲು ಇದೇ ಮಾತ್ರೆ ಕೊಡುತ್ತೇವೆ. ನಿಮ್ಮ ಮುಟ್ಟಿನ ದಿನ ಮೊದಲೇ ಗೊತ್ತಾಗದ್ದರಿಂದ ಸದ್ಯಕ್ಕೆ ಈ ಉಪಾಯ ಕಷ್ಟ. ಮುಟ್ಟು ಸರಿಹೋದರೆ ಇದೂ ಸುಲಭ.

ಮದುವೆಯಾದ ಮೇಲೆ, ಔಷಧ ಬದಲಾಗಿ ನೆಲೆ ನಿಲ್ಲುವ ತನಕ, ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಮುಟ್ಟು ಸರಿಯಿಲ್ಲ, ಹೇಗೂ ಆಗುವುದಿಲ್ಲ ಎಂಬ ಧೈರ್ಯ ಬೇಡ. ಯಾವ ತಿಂಗಳು ಅಂಡಾಣು ಬರುತ್ತದೋ ಹೇಳಲಾಗದು. ವಾಲ್‌ಪ್ರೊಯೇಟ್ ಮತ್ತು ಲೆವೆಟಿರಸಿಟಾಮ್ ಜೊತೆಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುತ್ತದೆ, ಪಿಸಿಓಡಿಗೂ ಅದರಿಂದ ಉಪಯೋಗ ಇದೆ. ಲಾಮೋಟ್ರಿಜಿನ್‌ಗೆ ಬಂದರೆ ಲೆಕ್ಕ ತಲೆಕೆಳಗು. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ರಕ್ತದಲ್ಲಿ ಲಾಮೋಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಫಿಟ್ಸ್ ಬರಬಹುದು. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್, ಆಕ್ಸ್‌ಕಾರ್ಬಜೆಪಿನ್ ತೆಗೆದುಕೊಳ್ಳುವವರಲ್ಲಿ ಲಿವರ್ ಚುರುಕಾಗಿ ಗರ್ಭನಿರೋಧಕ ಮಾತ್ರೆಯನ್ನೂ, ಮೆಡಿಕಲ್ ಶಾಪಿನಲ್ಲಿ ಸಿಗುವ ತುರ್ತು ಮಾತ್ರೆಯನ್ನೂ ಬೇಗ ಕರಗಿಸಿಬಿಡುತ್ತದೆ. ಅವರಿಗೆ ಕಾಪರ್ ಟಿ ವಾಸಿ. ಅವರ ಮೂಳೆಯೂ ಸವೆಯುತ್ತದೆ, ವಿಟಮಿನ್ ಡಿ ನೋಡಿಸಿಕೊಳ್ಳಲಿ. ನಿಮ್ಮ ಮಾತ್ರೆ ಯಾವುದು ಎಂದು ಗೊತ್ತಿಲ್ಲದಿದ್ದರೆ ದೊಡ್ಡ ಅಕ್ಷರದ ಕಂಪನಿ ಹೆಸರು ಬಿಟ್ಟು, ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿ.

ಮಗು ಬೇಕೆನ್ನುವ ಮೂರು ತಿಂಗಳು ಮೊದಲೇ ಫೋಲಿಕ್ ಆಸಿಡ್ ಶುರು ಮಾಡಿ. ನಮ್ಮಲ್ಲಿ ಸಾಮಾನ್ಯವಾಗಿ 5 ಮಿ.ಗ್ರಾಂ ಬರೆಯುತ್ತೇವೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲೂ ಫೋಲಿಕ್ ಇದೆ, ಆದರೆ ಅರ್ಧ ಮಿ.ಗ್ರಾಂ ಮಾತ್ರ. ಅಕಸ್ಮಾತ್ ಮಾತ್ರೆ ಬದಲಾಗುವ ಮೊದಲೇ ಗರ್ಭ ನಿಂತರೆ ಹೆದರಿ ಮಾತ್ರೆ ಎಸೆಯಬೇಡಿ. ಗರ್ಭಿಣಿಯಾಗಿದ್ದಾಗ ದೊಡ್ಡ ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಅದೇ ವಾರ ಡಾಕ್ಟರ ಹತ್ತಿರ ಹೋಗಿ.

ಹೆರಿಗೆಯ ಮಾತು ಇನ್ನೂ ದೂರ ಇದೆ, ಎರಡೇ ವಿಷಯ ಹೇಳಿಬಿಡುತ್ತೇನೆ. ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಮತ್ತೆ, ಎದೆಹಾಲು ಕೊಡಿ. "ಹಾಲಿನಲ್ಲಿ ಮಾತ್ರೆ ಇಳಿಯುತ್ತೆ" ಎಂದು ಹಿರಿಯರು ತಡೆಯುತ್ತಾರೆ. ಇಳಿಯುವುದು ಸ್ವಲ್ಪ, ಲಾಭ ಅದಕ್ಕಿಂತ ದೊಡ್ಡದು. ಬಾಣಂತನದಲ್ಲಿ ನಿಜವಾದ ಅಪಾಯ ನಿದ್ದೆಗೆಡುವುದು. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು ಬೇರೆಯವರು ಕುಡಿಸಲಿ. ಹಾಲೂಡುವುದು, ಬಟ್ಟೆ ಬದಲಾಯಿಸುವುದು ನೆಲದ ಮೇಲೆ ಹಾಸಿಗೆ ಹಾಕಿಕೊಂಡು. ಒಬ್ಬರೇ ಇರುವಾಗ ಮಗುವಿಗೆ ಸ್ನಾನ ಬೇಡ.

ಕೊನೆಗೆ, ಗದ್ದದ ಕೂದಲು. ದಾರದಲ್ಲಿ ತೆಗೆಸಿದರೆ ಜಾಸ್ತಿ ಆಗುವುದಿಲ್ಲ, ದಪ್ಪವೂ ಆಗುವುದಿಲ್ಲ. ಧಾರಾಳವಾಗಿ ತೆಗೆಸಿಕೊಳ್ಳಿ. ಆದರೆ ಔಷಧ ಬದಲಾದ ತಿಂಗಳಿಗೇ ಕೂದಲು ನಿಲ್ಲುತ್ತದೆ ಎಂದು ಕಾಯಬೇಡಿ. ಮುಟ್ಟು ಮೊದಲು ಸರಿಹೋಗುತ್ತದೆ, ತೂಕ ಆಮೇಲೆ. ಗದ್ದದ ಕೂದಲು ಎಲ್ಲಕ್ಕಿಂತ ಹಠಮಾರಿ, ಆರು ತಿಂಗಳಿಂದ ವರ್ಷದವರೆಗೂ ಹಿಡಿಯಬಹುದು. ಮದುವೆ ಫೋಟೋಗಳಿಗಂತೂ ದಾರವೇ ಗತಿ.